ಕಂಪ್ಯೂಟರ್ ತಾನಾಗೇ ಆಫ್ ಆಗ್ತಿದೆಯಾ? ಲಾಗ್ ಕೋಡ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ನಡುವೆ ಕಂಪ್ಯೂಟರ್ ಪಟ್ ಅಂತ ಆಫ್ ಆದರೆ ಬಹಳ ಜನ ನೇರವಾಗಿ ವಿಂಡೋಸ್ ಹೊಸದಾಗಿ ಹಾಕಿಸಲು ಹೊರಡುತ್ತಾರೆ, ಇಲ್ಲವೇ ಯಾರೋ ಹೇಳಿದರು ಅಂತ ಒಂದು ಪಾರ್ಟ್ ಬದಲಿಸುತ್ತಾರೆ. ಅದಕ್ಕೂ ಮುಂಚೆ ಲಾಗ್ ಓದಿ, ಅಂದರೆ ಕಂಪ್ಯೂಟರ್ ತನ್ನೊಳಗೆ ನಡೆದದ್ದನ್ನು ತಾನೇ ಬರೆದಿಟ್ಟುಕೊಳ್ಳುವ ದಾಖಲೆ. ಮಾತಿನಲ್ಲಿ, ಪತ್ರಗಳಲ್ಲಿ, ಕಾಮೆಂಟ್‌ಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನವು ವಿಂಡೋಸ್ 10 ಮತ್ತು 11ಕ್ಕೆ ಸೇರಿದವು. ಲಿನಕ್ಸ್, ಮ್ಯಾಕ್ ಬಳಸುವವರಿಗೆ ಕೊನೆಯ ಭಾಗದಲ್ಲಿ ಒಂದು ಉತ್ತರ ಇದೆ.

## ಶುರು ಮಾಡುವವರಿಗೆ

ಲಾಗ್ ಲಾಗ್ ಅಂತೀರಲ್ಲ, ಅದು ಎಲ್ಲಿರತ್ತೆ?

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಇವೆಂಟ್ ವ್ಯೂವರ್ ಆರಿಸಿ. ಎಡಗಡೆ ವಿಂಡೋಸ್ ಲಾಗ್ಸ್ ಇರುತ್ತದೆ, ಅದರೊಳಗೆ ಸಿಸ್ಟಮ್. ನಮಗೆ ಬೇಕಾದದ್ದು ಹೆಚ್ಚುಕಡಿಮೆ ಎಲ್ಲಾ ಅಲ್ಲೇ ಇದೆ. ಸಾಲುಗಳು ಸಾವಿರಾರು ಇರುವುದರಿಂದ ಬಲಗಡೆಯ ಫಿಲ್ಟರ್ ಕರೆಂಟ್ ಲಾಗ್ ಒತ್ತಿ, ಇವೆಂಟ್ ಐಡಿ (ಪ್ರತಿ ಘಟನೆಯ ಕೋಡ್) ಜಾಗದಲ್ಲಿ 41, 1001, 1074, 6005, 6006, 6008 ಅಂತ ಕಾಮಾ ಹಾಕಿ ಬರೆಯಿರಿ. ಆಫ್ ಆದ ದಿನಗಳು, ಹೊತ್ತುಗಳು ಕಣ್ಣಿಗೆ ಬೀಳುತ್ತವೆ. ಆಮೇಲೆ ಫಿಲ್ಟರ್ ತೆಗೆದು ಆ ಹೊತ್ತಿನ ಹಿಂದಿನ ಸಾಲುಗಳನ್ನು ಓದಿ. ಈ ಎರಡನೇ ಕೆಲಸ ಮಾಡದೆ ಬಿಡುವವರೇ ಜಾಸ್ತಿ, ಆದರೆ ಕಾರಣ ಸಿಗುವುದು ಅಲ್ಲೇ.

ಇದು ತಲೆನೋವು ಅನ್ನಿಸಿದರೆ ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಹುಡುಕಿ. ರಿಲಯಬಿಲಿಟಿ ಮಾನಿಟರ್‌ನಲ್ಲಿ ದಿನಕ್ಕೊಂದು ಕಂಬ ಇರುತ್ತದೆ. ಯಾವ ದಿನ ಕ್ರ್ಯಾಶ್ ಆಯಿತು, ಅದರ ಹಿಂದಿನ ದಿನ ಯಾವ ಡ್ರೈವರ್ (ಒಂದು ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಅಥವಾ ಅಪ್‌ಡೇಟ್ ಬಂದಿತ್ತು, ಎರಡೂ ಒಂದೇ ಪರದೆಯಲ್ಲಿ ಕಾಣುತ್ತವೆ.

ಒಳಗೆ ಹೋದರೆ ಬರೀ ಕೆಂಪು ಎರರ್‌ಗಳೇ ಇವೆ. ಸಿಸ್ಟಮ್ ಪೂರ್ತಿ ಹಾಳಾಗಿದೆಯಾ?

ಇಲ್ಲ. ಚೆನ್ನಾಗಿ ಓಡುವ ಕಂಪ್ಯೂಟರ್‌ನಲ್ಲೂ ಕೆಂಪು, ಹಳದಿ ಗುರುತುಗಳು ಇದ್ದೇ ಇರುತ್ತವೆ. ಡಿಸ್ಟ್ರಿಬ್ಯೂಟೆಡ್‌ಕಾಮ್ 10016 ನೋಡಿ ಗಾಬರಿಯಾಗುವವರು ತುಂಬಾ. ಅದನ್ನು ಕಡೆಗಣಿಸಬಹುದು ಅಂತ ಮೈಕ್ರೋಸಾಫ್ಟ್ ಸ್ವತಃ ಹೇಳಿದೆ. ಆಫ್ ಆದ ಹೊತ್ತಿಗೂ ಆ ಎರರ್‌ಗೂ ಹೊಂದಾಣಿಕೆ ಇದೆಯಾ ಅನ್ನುವುದೊಂದನ್ನೇ ನೋಡಿ.

ನಾನೇನೂ ಮುಟ್ಟಿಲ್ಲ, ತಾನಾಗೇ ಆಫ್ ಆಯ್ತು. ಅದು ಸರಿಯಾಗಿ ಶಟ್‌ಡೌನ್ ಆಗಿದ್ದೋ, ಕರೆಂಟ್ ಹೋದ ಹಾಗೆ ಆಗಿದ್ದೋ?

ಮೊದಲು ತೀರ್ಮಾನ ಆಗಬೇಕಾದದ್ದು ಇದೇ. ಕ್ರಮವಾಗಿ ಆಫ್ ಆಗಿದ್ದರೆ ಸಾಮಾನ್ಯವಾಗಿ 1074 ಬರುತ್ತದೆ, ಯಾವ ಪ್ರೋಗ್ರಾಂ, ಯಾರ ಹೆಸರಿನಲ್ಲಿ ಆಫ್ ಮಾಡಿಸಿತು ಅಂತ ಅದು ಹೇಳುತ್ತದೆ. ಹಿಂದೆಯೇ 6006 ಬರುತ್ತದೆ, ಅಂದರೆ ಲಾಗ್ ಬರೆಯುವ ಸೇವೆ ಶಾಂತವಾಗಿ ನಿಂತಿತು. ಮುಂದಿನ ಸಲ ಆನ್ ಆದಾಗ 6005, ಅಂದರೆ ಅದೇ ಸೇವೆ ಮತ್ತೆ ಶುರುವಾಯಿತು.

6006 ಇಲ್ಲದೆ ನೇರವಾಗಿ 6005 ಬಂದು, ಅಕ್ಕಪಕ್ಕ 6008 ಮತ್ತು 41 ಇದ್ದರೆ ಕಂಪ್ಯೂಟರ್‌ಗೆ ಆಫ್ ಆಗಲು ಸಮಯವೇ ಸಿಗಲಿಲ್ಲ ಅಂತ ಅರ್ಥ. ಮೊದಲನೆಯದಾದರೆ ಸಾಫ್ಟ್‌ವೇರ್ ಅಥವಾ ಸೆಟ್ಟಿಂಗ್ ಹುಡುಕಿ. ಎರಡನೆಯದಾದರೆ ಡ್ರೈವರ್, ಬಿಸಿ, ಪವರ್, ರ‍್ಯಾಮ್ ಇವುಗಳ ಕಡೆ ಹೋಗಬೇಕು. ದಾರಿಗಳೇ ಬೇರೆ ಆಗುವುದರಿಂದ ಇಲ್ಲಿ ಅವಸರ ಬೇಡ.

ಲಾಗ್‌ನಲ್ಲಿರೋ ಟೈಮ್‌ಗೂ ಆಫ್ ಆದ ಟೈಮ್‌ಗೂ ತಾಳೆನೇ ಆಗ್ತಿಲ್ಲ. ಯಾಕೆ?

41ರ ಮೇಲಿರುವ ಸಮಯ ಆಫ್ ಆದದ್ದಲ್ಲ, ಮತ್ತೆ ಆನ್ ಆದದ್ದು. ರಾತ್ರಿ ಆಫ್ ಆಗಿ ಬೆಳಿಗ್ಗೆ ನೀವು ಆನ್ ಮಾಡಿದರೆ 41 ಬೆಳಿಗ್ಗೆಯದೇ ಆಗಿರುತ್ತದೆ. ಆಫ್ ಆದ ಹೊತ್ತು ಬೇಕಿದ್ದರೆ 6008 ತೆರೆದು ಅದರ ವಾಕ್ಯ ಓದಿ, "ಇಂತಿಷ್ಟು ಹೊತ್ತಿಗೆ ಆದ ಹಿಂದಿನ ಶಟ್‌ಡೌನ್ ಅನಿರೀಕ್ಷಿತ" ಅಂತ ಬರೆದಿರುತ್ತದೆ. ಅದೂ ಕೆಲವು ನಿಮಿಷ ಹಿಂದುಮುಂದು ಇರಬಹುದು. ವಿಂಡೋಸ್ ಆಗಾಗ ಬರೆದಿಟ್ಟುಕೊಳ್ಳುವ "ನಾನಿನ್ನೂ ಓಡುತ್ತಿದ್ದೇನೆ" ಅನ್ನುವ ಗುರುತಿನಿಂದ ಆ ಸಮಯ ಸಿಗುತ್ತದೆ, ಅಷ್ಟೇ. ದಿನಾಂಕವೇ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಮುಗಿದಿರಬಹುದು, ಅದನ್ನು ಬದಲಿಸಿ.

## ಕೋಡ್‌ಗಳ ಅರ್ಥ

ಕರ್ನಲ್-ಪವರ್ 41 ಬರ್ತಿದೆ. ಪವರ್ ಅಂತ ಇದೆಯಲ್ಲ, ಎಸ್‌ಎಂಪಿಎಸ್ ಬದಲಿಸಬೇಕಾ?

ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರ್‌ನೊಳಗೆ ಕರೆಂಟ್ ಹಂಚುವ ಡಬ್ಬಿ. ದಯವಿಟ್ಟು ಇಷ್ಟಕ್ಕೇ ಅದನ್ನು ಬದಲಿಸಬೇಡಿ. ಹೆಸರಿನಲ್ಲಿ ಪವರ್ ಇದೆ ಅಂತ ದುಡ್ಡು ಸುರಿದು, ಆಮೇಲೂ ಆಫ್ ಆಗುವುದು ನಿಲ್ಲದೆ ಬೇಸರ ಪಟ್ಟವರು ಬಹಳ ಜನ. 41 ಹೇಳುವುದು ಒಂದೇ ಮಾತು: ಹೋದ ಸಲ ಸರಿಯಾಗಿ ಆಫ್ ಆಗದೆ ಈಗ ಮತ್ತೆ ಶುರುವಾಗಿದ್ದೇನೆ. ಬೆಳಿಗ್ಗೆ ಎದ್ದವನು ದೀಪ ಆರಿತ್ತು ಅಂತ ಹೇಳಿದ ಹಾಗೆ ಅದು, ಎಣ್ಣೆ ಮುಗಿಯಿತೋ ಗಾಳಿ ಬೀಸಿತೋ ಅವನಿಗೆ ಗೊತ್ತಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿದರೂ 41, ಬ್ಲೂ ಸ್ಕ್ರೀನ್ (ವಿಂಡೋಸ್ ಕ್ರ್ಯಾಶ್ ಆದಾಗ ತೋರಿಸುವ ಪರದೆ) ಬಂದರೂ 41, ಹ್ಯಾಂಗ್ ಆಗಿದ್ದನ್ನು ನೀವೇ ಬಟನ್ ಹಿಡಿದು ಆಫ್ ಮಾಡಿದರೂ 41.

41ರ ಪಕ್ಕ (63) ಅಂತ ಇದೆ. ಅದು ಬೇರೆ ಕೋಡಾ?

ಅಲ್ಲ. ಅದು ಟಾಸ್ಕ್ ಕೆಟಗರಿಯ ಸಂಖ್ಯೆ. 41 ಬಂದವರೆಲ್ಲರಿಗೂ 63 ಇರುತ್ತದೆ. ಅದರ ಹಿಂದೆ ಬೀಳಬೇಡಿ.

ಹಾಗಾದ್ರೆ 41 ನೋಡಿ ಪ್ರಯೋಜನವೇ ಇಲ್ವಾ?

ಇದೆ, ಅದನ್ನು ತೆರೆದು ಡೀಟೇಲ್ಸ್ ಟ್ಯಾಬ್‌ಗೆ ಹೋದರೆ. ಅಲ್ಲಿ ಮೂರು ಸಾಲು ಮುಖ್ಯ.

ಬಗ್‌ಚೆಕ್‌ಕೋಡ್ ಸೊನ್ನೆ ಅಲ್ಲದಿದ್ದರೆ ವಿಂಡೋಸ್ ತಾನೇ ತಪ್ಪು ಕಂಡುಕೊಂಡು ನಿಂತಿದೆ, ಅಂದರೆ ಬ್ಲೂ ಸ್ಕ್ರೀನ್ ಆಗಿದೆ. ನೀವು ಅದನ್ನು ನೋಡಿರಲಿ ಬಿಡಲಿ. ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಸೊನ್ನೆ ಅಲ್ಲದಿದ್ದರೆ ಯಾರೋ ಪವರ್ ಬಟನ್ ಒತ್ತಿ ಹಿಡಿದಿದ್ದಾರೆ. ಆಗ ಯಾಕೆ ಆಫ್ ಆಯಿತು ಅನ್ನುವ ಬದಲು ಅದಕ್ಕೂ ಮುಂಚೆ ಯಾಕೆ ಹ್ಯಾಂಗ್ ಆಯಿತು ಅಂತ ಹುಡುಕಬೇಕು. ಸ್ಲೀಪ್‌ಇನ್‌ಪ್ರೋಗ್ರೆಸ್‌ನಲ್ಲಿ ಸೊನ್ನೆ ಅಥವಾ ಫಾಲ್ಸ್ ಬಿಟ್ಟು ಬೇರೇನಾದರೂ ಇದ್ದರೆ ಸ್ಲೀಪ್‌ಗೆ ಹೋಗುವಾಗ ಅಥವಾ ಏಳುವಾಗ ಎಡವಿದೆ. ಈ ಯಾವ ಗುರುತೂ ಇಲ್ಲದಿದ್ದರೆ ವಿಂಡೋಸ್‌ಗೆ ಏನಾಯಿತು ಅಂತ ಗೊತ್ತಾಗುವ ಮೊದಲೇ ಎಲ್ಲಾ ಮುಗಿದಿದೆ.

ಬಗ್‌ಚೆಕ್‌ಕೋಡ್ 159 ಅಂತಿದೆ, ಎಲ್ಲಿ ಹುಡುಕಿದ್ರೂ ಆ ಹೆಸರಿನ ಬ್ಲೂ ಸ್ಕ್ರೀನ್ ಸಿಗ್ತಿಲ್ಲ. ಏನಿದು?

41ರಲ್ಲಿ ಆ ಸಂಖ್ಯೆ ನಮ್ಮ ಮಾಮೂಲಿ ದಶಮಾಂಶದಲ್ಲಿ ಇರುತ್ತದೆ. ಬ್ಲೂ ಸ್ಕ್ರೀನ್ ಪಟ್ಟಿಗಳೆಲ್ಲಾ ಹೆಕ್ಸ್‌ನಲ್ಲಿ, ಅಂದರೆ 0ರಿಂದ 9, ಆಮೇಲೆ ಎಯಿಂದ ಎಫ್ ತನಕ ಎಣಿಸುವ ಹದಿನಾರರ ಲೆಕ್ಕದಲ್ಲಿ. ವಿಂಡೋಸ್ ಕ್ಯಾಲ್ಕುಲೇಟರ್‌ನ ಪ್ರೋಗ್ರಾಮರ್ ಮೋಡ್‌ನಲ್ಲಿ ಬದಲಿಸಿಕೊಳ್ಳಿ. (ಹೆಕ್ಸ್ ಸಂಖ್ಯೆಗಳ ಮುಂದೆ ಸೊನ್ನೆ ಮತ್ತು ಎಕ್ಸ್ ಸೇರಿಸಿ ಬರೆಯುವ ರೂಢಿ ಇದೆ, ಇಲ್ಲಿ ಅದನ್ನು ಬಿಟ್ಟಿದ್ದೇನೆ.)

159 ಅಂದರೆ ಹೆಕ್ಸ್ 9ಎಫ್, ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್. ಸ್ಲೀಪ್ ಅಥವಾ ಶಟ್‌ಡೌನ್ ಹೊತ್ತಿಗೆ ಯಾವುದೋ ಡ್ರೈವರ್ ಉತ್ತರ ಕೊಡದೆ ಕೂತಿದೆ. ನೆಟ್‌ವರ್ಕ್, ಯುಎಸ್‌ಬಿ ಡ್ರೈವರ್‌ಗಳನ್ನು ಮೊದಲು ನೋಡಿ. 209 ಅಂದರೆ ಡಿ1, ಇದೂ ಡ್ರೈವರ್ ಕಡೆಯದು. 278 ಅಂದರೆ 116, ಗ್ರಾಫಿಕ್ಸ್ ಡ್ರೈವರ್ ಅಥವಾ ಕಾರ್ಡ್. 26 ಅಂದರೆ 1ಎ, ಮೆಮೊರಿ ಮ್ಯಾನೇಜ್‌ಮೆಂಟ್, ರ‍್ಯಾಮ್ ಪರೀಕ್ಷೆ ಮಾಡಿ. 122 ಅಂದರೆ 7ಎ, ಡಿಸ್ಕ್‌ನಿಂದ ಬೇಕಾದ ಮಾಹಿತಿ ಓದಲು ಆಗಲಿಲ್ಲ. ಇದು ಬಂದರೆ ಮೊದಲು ಬ್ಯಾಕಪ್ ತೆಗೆಯಿರಿ, ಉಳಿದದ್ದು ಆಮೇಲೆ. 239 ಅಂದರೆ ಇಎಫ್, ವಿಂಡೋಸ್‌ಗೆ ಬೇಕೇ ಬೇಕಾದ ಒಂದು ಪ್ರಕ್ರಿಯೆ ಸತ್ತಿದೆ. 292 ಅಂದರೆ 124, ಹಾರ್ಡ್‌ವೇರ್ ತಾನೇ ದೂರು ಕೊಟ್ಟಿದೆ.

ಒಂದೇ ಕೋಡ್ ಪ್ರತಿ ಸಲ ಬರುತ್ತಿದ್ದರೆ ಒಂದು ಡ್ರೈವರ್ ಅಥವಾ ಒಂದು ಪಾರ್ಟ್ ಮೇಲೆ ಅನುಮಾನ ಇಡಬಹುದು. ಪ್ರತಿ ಸಲ ಬೇರೆ ಬೇರೆ ಬರುತ್ತಿದ್ದರೆ ನಾನಂತೂ ಮೊದಲು ರ‍್ಯಾಮ್ ನೋಡುತ್ತೇನೆ.

1074ರಲ್ಲಿ "ಅದರ್ (ಅನ್‌ಪ್ಲ್ಯಾನ್ಡ್)" ಅಂತ ಬಂದಿದೆ. ಯಾರಾದ್ರೂ ಹ್ಯಾಕ್ ಮಾಡಿ ಆಫ್ ಮಾಡಿದ್ರಾ?

ಹೆದರಬೇಡಿ. ಸ್ಟಾರ್ಟ್ ಮೆನುವಿನಿಂದ ನೀವೇ ಶಟ್‌ಡೌನ್ ಒತ್ತಿದರೂ ಇದೇ ಮಾತು ಬರುತ್ತದೆ. ಪ್ರೋಗ್ರಾಂ ಹೆಸರು ನೋಡಿ. ಸ್ಟಾರ್ಟ್‌ಮೆನುಎಕ್ಸ್‌ಪೀರಿಯನ್ಸ್‌ಹೋಸ್ಟ್ ಅಥವಾ ರನ್‌ಟೈಮ್‌ಬ್ರೋಕರ್ ಇದ್ದರೆ ಯಾರೋ ಆ ಕಂಪ್ಯೂಟರ್ ಮುಂದೆ ಕೂತು ಮೆನುವಿನಿಂದ ಒತ್ತಿದ್ದಾರೆ. ಟ್ರಸ್ಟೆಡ್‌ಇನ್‌ಸ್ಟಾಲರ್ ಅಥವಾ ಎಂಒಯುಎಸ್‌ಒಕೋರ್‌ವರ್ಕರ್ ಇದ್ದರೆ ವಿಂಡೋಸ್ ಅಪ್‌ಡೇಟ್. ಆಗ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವ್ ಅವರ್ಸ್ (ನೀವು ಕೆಲಸ ಮಾಡುವ ಹೊತ್ತು) ಸರಿಮಾಡಿಕೊಂಡರೆ ಸಾಕು. ಯುಪಿಎಸ್ ಜೊತೆ ಬಂದ ಸಾಫ್ಟ್‌ವೇರ್ ಹೆಸರು ಇದ್ದರೆ ಬ್ಯಾಟರಿ ಕಡಿಮೆ ಆಗಿದೆ ಅಂತ ಅದು ಆಫ್ ಮಾಡಿಸಿದೆ.

ಸರಿಯಾಗಿ ಗಂಟೆಗೊಂದು ಸಲ ಆಫ್ ಆಗತ್ತೆ. ಇಷ್ಟು ಕರಾರುವಾಕ್ಕಾಗಿ ಹಾರ್ಡ್‌ವೇರ್ ಕೆಡತ್ತಾ?

ಇಲ್ಲ, ಗಡಿಯಾರ ನೋಡಿ ಕೆಡುವ ಹಾರ್ಡ್‌ವೇರ್ ಅಪರೂಪ. 1074ರಲ್ಲಿ ಡಬ್ಲ್ಯುಎಲ್‌ಎಂಎಸ್ ಅನ್ನುವ ಹೆಸರಿದೆಯಾ ನೋಡಿ. ಇದ್ದರೆ ನೀವು ಓಡಿಸುತ್ತಿರುವುದು ಪ್ರಯೋಗಕ್ಕೆ ಕೊಟ್ಟ ಇವ್ಯಾಲ್ಯುಯೇಶನ್ ವಿಂಡೋಸ್, ಅದರ ಅವಧಿ ಮುಗಿದಿದೆ. ಆ ಹೆಸರಿಲ್ಲದಿದ್ದರೆ ಟಾಸ್ಕ್ ಶೆಡ್ಯೂಲರ್ ತೆರೆದು ಆ ಹೊತ್ತಿಗೆ ಏನು ಓಡುತ್ತಿದೆ ಅಂತ ಹುಡುಕಿ.

## ಲಾಗ್ ಏನೂ ಹೇಳದಿದ್ದಾಗ

41 ಇದೆ, ಬಗ್‌ಚೆಕ್‌ಕೋಡ್ ಸೊನ್ನೆ, ಡಂಪ್ (ಕ್ರ್ಯಾಶ್ ಆದಾಗ ಮೆಮೊರಿಯಲ್ಲಿದ್ದದ್ದನ್ನು ಉಳಿಸುವ ಫೈಲ್) ಇಲ್ಲ, ಹಿಂದೆ ಮುಂದೆ ಏನೂ ಇಲ್ಲ. ಈಗ ಏನ್ ಮಾಡ್ಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ತಾಳ್ಮೆ ಬೇಡುವುದೂ ಇದೇ. ಲಾಗ್ ಖಾಲಿ ಇರುವುದೂ ಒಂದು ಸುಳಿವು. ವಿಂಡೋಸ್‌ಗೆ ಒಂದು ಸಾಲು ಬರೆಯುವಷ್ಟೂ ಹೊತ್ತು ಸಿಕ್ಕಿಲ್ಲ ಅಂದರೆ ಕರೆಂಟ್ ಕಡಿದಿದೆ, ಬಿಸಿ ಜಾಸ್ತಿಯಾಗಿ ಹಾರ್ಡ್‌ವೇರ್ ತಾನೇ ಕಡಿದುಕೊಂಡಿದೆ, ಅಥವಾ ಪ್ರೊಸೆಸರ್, ಮದರ್‌ಬೋರ್ಡ್ ಮಟ್ಟದಲ್ಲಿ ಎಲ್ಲಾ ನಿಂತಿದೆ.

ಆಫ್ ಆಗುವ ರೀತಿಯನ್ನು ಗಮನಿಸಿ ಬರೆದಿಡಿ. ಭಾರಿ ಕೆಲಸ ಕೊಟ್ಟ ತಕ್ಷಣ, ಅಂದರೆ ಗೇಮ್ ಶುರುವಾದ ಕೂಡಲೇ ಹೋದರೆ ಎಸ್‌ಎಂಪಿಎಸ್ ಮೇಲೆ ಅನುಮಾನ. ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಹೋದರೆ ಬಿಸಿ. ಸುಮ್ನೆ ಇದ್ದಾಗಲೇ ಹೋದರೆ ರ‍್ಯಾಮ್ ಸೆಟ್ಟಿಂಗ್, ಬಯಾಸ್ (ಮದರ್‌ಬೋರ್ಡ್‌ನಲ್ಲೇ ಇರುವ, ವಿಂಡೋಸ್‌ಗೂ ಮೊದಲು ಓಡುವ ಸಾಫ್ಟ್‌ವೇರ್), ಸಡಿಲ ಕೇಬಲ್. ಕೇಸ್ ಅಲುಗಿದಾಗ ಹೋದರೆ ಕೇಬಲ್ ಅಥವಾ ಪವರ್ ಬಟನ್ನೇ. ಆಫ್ ಆಗಿ, ಗೋಡೆಯ ಸ್ವಿಚ್ ಆಫ್ ಮಾಡಿ ಆನ್ ಮಾಡುವ ತನಕ ಬಟನ್‌ಗೆ ಸ್ಪಂದಿಸದಿದ್ದರೆ ಎಸ್‌ಎಂಪಿಎಸ್‌ನ ರಕ್ಷಣಾ ವ್ಯವಸ್ಥೆ ಬಿದ್ದಿರಬಹುದು. ಇವು ಒಲವುಗಳು ಮಾತ್ರ, ತೀರ್ಪಲ್ಲ.

ಆಮೇಲೆ ಒಂದೊಂದೇ ಬದಲಾವಣೆ ಮಾಡಿ. ಓವರ್‌ಕ್ಲಾಕ್ (ಒಂದು ಪಾರ್ಟ್ ಅನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವುದು) ಇದ್ದರೆ ತೆಗೆಯಿರಿ. ಬಯಾಸ್‌ನಲ್ಲಿ ರ‍್ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವ ವೇಗದ ಸೆಟ್ಟಿಂಗ್ ಆಫ್ ಮಾಡಿ, ಅದೂ ಓವರ್‌ಕ್ಲಾಕೇ. ಪ್ರೊಸೆಸರ್‌ಗೆ ಮಾತ್ರ ಹೊರೆ ಕೊಟ್ಟು ನೋಡಿ, ಗ್ರಾಫಿಕ್ಸ್ ಕಾರ್ಡ್‌ಗೆ ಮಾತ್ರ ಕೊಟ್ಟು ನೋಡಿ, ಆಮೇಲೆ ಎರಡಕ್ಕೂ ಒಟ್ಟಿಗೆ. ಒಂಟಿಯಾಗಿ ಎರಡೂ ನಿಂತು, ಒಟ್ಟಿಗೆ ಕೊಟ್ಟಾಗ ಮಾತ್ರ ಆಫ್ ಆದರೆ ಎಸ್‌ಎಂಪಿಎಸ್ ಕಡೆ ಬೆರಳು ತೋರಿಸಲು ಈಗ ಆಧಾರ ಇದೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದೇ ಇಲ್ಲ.

ಮಲ್ಟಿಮೀಟರ್‌ನಲ್ಲಿ ಎಸ್‌ಎಂಪಿಎಸ್ ಅಳೆದೆ, 12 ವೋಲ್ಟ್ ಸರಿಯಾಗೇ ಇದೆ. ಅಂದ್ರೆ ಅದು ಚೆನ್ನಾಗಿದೆ ಅಲ್ವಾ?

ಹಾಗೆ ಹೇಳಲಾಗದು. ಎಟಿಎಕ್ಸ್ (ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಮಾನದಂಡ) ನಿಯಮದ ಪ್ರಕಾರ 12 ವೋಲ್ಟ್ ಸಾಲು ಸಾಮಾನ್ಯವಾಗಿ ಶೇಕಡಾ 5ರಷ್ಟು ಹೆಚ್ಚುಕಡಿಮೆ ಆಗಬಹುದು, ಅಂದರೆ 11.4ರಿಂದ 12.6ರ ತನಕ ಸರಿ. ಆದರೆ ಹೊರೆ ಇಲ್ಲದಾಗ ಸರಿ ಇದ್ದದ್ದು ಹೊರೆ ಬಿದ್ದಾಗ ಕುಸಿಯಬಹುದು, ಅದೂ ಮೀಟರ್ ತೋರಿಸಲಾಗದಷ್ಟು ಚಿಕ್ಕ ಕ್ಷಣದಲ್ಲಿ. ಸಾಕಷ್ಟು ಸಾಮರ್ಥ್ಯದ ಇನ್ನೊಂದು ಒಳ್ಳೆಯ ಎಸ್‌ಎಂಪಿಎಸ್ ಹಾಕಿ ಓಡಿಸಿ ನೋಡುವುದೇ ನಂಬುವಂಥ ಪರೀಕ್ಷೆ. ಅದರ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯದ ವೋಲ್ಟೇಜ್ ಉಳಿದಿರಬಹುದು.

ಬಿಸಿಯಾಗಿ ಆಫ್ ಆದ್ರೆ ಲಾಗ್‌ನಲ್ಲಿ ಬರಲ್ವಾ?

ಕೆಲವೊಮ್ಮೆ ಬರುತ್ತದೆ. ಕರ್ನಲ್-ಪವರ್ 86 ಅಂದರೆ ಅಪಾಯದ ಬಿಸಿಯಿಂದ ಆಫ್ ಮಾಡಲಾಯಿತು ಅಂತ ನೇರವಾಗೇ ಹೇಳುತ್ತದೆ. ಕರ್ನಲ್-ಪ್ರೊಸೆಸರ್-ಪವರ್ 37 ಬಂದರೆ ಫರ್ಮ್‌ವೇರ್ (ಬಯಾಸ್) ಪ್ರೊಸೆಸರ್ ವೇಗವನ್ನು ತಗ್ಗಿಸಿದೆ. ಅದಕ್ಕೆ ಬಿಸಿ ಒಂದು ಕಾರಣ, ಆದರೆ ಕಡಿಮೆ ವ್ಯಾಟ್‌ನ ಚಾರ್ಜರ್ ಹಾಕಿದರೂ ಬರಬಹುದು. ಪ್ರೊಸೆಸರ್ ತನ್ನ ಮಿತಿ ಮುಟ್ಟಿದಾಗ (ಹಲವು ಪ್ರೊಸೆಸರ್‌ಗಳಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್) ಮೊದಲು ನಿಧಾನ ಆಗುತ್ತದೆ. ಅದರಿಂದಲೂ ಬಿಸಿ ಇಳಿಯದೆ ಏರುತ್ತಲೇ ಹೋದರೆ ಹಾರ್ಡ್‌ವೇರೇ ಕರೆಂಟ್ ಕಡಿಯುತ್ತದೆ, ಆಗ ಲಾಗ್‌ನಲ್ಲಿ ಉಳಿಯುವುದು ಬರೀ 41. ಹಾಗಾಗಿ ತಾಪಮಾನವನ್ನು ಫೈಲ್‌ಗೆ ಬರೆಯುತ್ತಾ ಹೋಗುವ ಎಚ್‌ಡಬ್ಲ್ಯುಇನ್ಫೋದಂಥ ಸಾಫ್ಟ್‌ವೇರ್ ಓಡಿಸಿ ಬಿಡಿ. ಆಫ್ ಆದ ಮೇಲೆ ಆ ಫೈಲ್‌ನ ಕೊನೆಯ ಸಾಲು ಓದಿ.

ಲ್ಯಾಪ್‌ಟಾಪ್ ಬ್ಯಾಟರಿ 30% ಇದ್ದಾಗ್ಲೇ ಆಫ್ ಆಗತ್ತೆ, ಚಾರ್ಜರ್ ಹಾಕಿದ್ರೆ ಏನೂ ತೊಂದ್ರೆ ಇಲ್ಲ.

ಹಳೆಯ ಬ್ಯಾಟರಿಯ ಲಕ್ಷಣ ಇದು. ಶೇಕಡಾವಾರು ಒಂದು ಅಂದಾಜು ಮಾತ್ರ, ಸೆಲ್‌ಗಳು ಸವೆದಾಗ ಆ ಅಂದಾಜು ತಪ್ಪುತ್ತದೆ. ಕರ್ನಲ್-ಪವರ್ 524 ಇದ್ದರೆ ಬ್ಯಾಟರಿ ಕೊನೆಯ ಮಟ್ಟ ಮುಟ್ಟಿದ್ದು ವಿಂಡೋಸ್‌ಗೆ ಗೊತ್ತಾಗಿದೆ. ಅದೂ ಇಲ್ಲದೆ 41 ಬಂದರೆ ವೋಲ್ಟೇಜ್ ಒಮ್ಮೆಲೇ ಕುಸಿದಿದೆ. ಪವರ್‌ಸಿಎಫ್‌ಜಿ ಕಮಾಂಡ್‌ನ ಬ್ಯಾಟರಿ ರಿಪೋರ್ಟ್ ತೆಗೆದು ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡನ್ನೂ ಹೋಲಿಸಿ. ಬ್ಯಾಟರಿ ಉಬ್ಬಿದ್ದರೆ ಬಳಸುವುದನ್ನು ತಕ್ಷಣ ನಿಲ್ಲಿಸಿ.

ಸ್ಲೀಪ್‌ಗೆ ಹಾಕಿ ಹೋಗಿದ್ದೆ, ಬಂದು ನೋಡಿದ್ರೆ ಆಫ್ ಆಗಿತ್ತು.

ಕರ್ನಲ್-ಪವರ್ 42 ಅಂದರೆ ಸ್ಲೀಪ್‌ಗೆ ಹೋಯಿತು, 107 ಅಂದರೆ ಎದ್ದಿತು. 42 ಬಂದು, 107 ಬರದೆ, ನೇರವಾಗಿ 41 ಬಂದರೆ ನಿದ್ದೆಯಲ್ಲೇ ಹೋಗಿದೆ. ಬಯಾಸ್ ಮತ್ತು ಚಿಪ್‌ಸೆಟ್ ಡ್ರೈವರ್ ಅಪ್‌ಡೇಟ್ ಮಾಡಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ನೋಡಿ. ಸ್ಲೀಪ್‌ನಲ್ಲಿದ್ದಾಗ ಕರೆಂಟ್ ಹೋದರೂ ಡೆಸ್ಕ್‌ಟಾಪ್‌ನಲ್ಲಿ ಇದೇ ಚಿತ್ರ ಬರುತ್ತದೆ, ಅದನ್ನು ಮರೆಯಬೇಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಬ್ಲೂ ಸ್ಕ್ರೀನ್ ಕಾಣೋದೇ ಇಲ್ಲ, ಆದ್ರೆ 1001 ಬಂದಿದೆ.

ಬಗ್‌ಚೆಕ್ ಮೂಲದ 1001 ಬಂದಿದೆ ಅಂದರೆ ಬ್ಲೂ ಸ್ಕ್ರೀನ್ ಆಗಿದೆ, ಕೋಡ್ ಮತ್ತು ಡಂಪ್ ಫೈಲ್‌ನ ಜಾಗ ಎರಡೂ ಅದರಲ್ಲೇ ಇವೆ. ಕಾಣದೇ ಇರಲು ಕಾರಣ ಆಟೋಮ್ಯಾಟಿಕ್ ರೀಸ್ಟಾರ್ಟ್. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನ ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ಆ ಟಿಕ್ ತೆಗೆದರೆ ಪರದೆ ನಿಲ್ಲುತ್ತದೆ. ಅಂದಹಾಗೆ, 2025ರಿಂದ ವಿಂಡೋಸ್ 11ರಲ್ಲಿ ಆ ಪರದೆ ಕಪ್ಪು ಬಣ್ಣಕ್ಕೆ ತಿರುಗಿದೆ. ನೀಲಿ ಕಾಣಲಿಲ್ಲ ಅಂತ ಕ್ರ್ಯಾಶ್ ಅಲ್ಲ ಅಂದುಕೊಳ್ಳಬೇಡಿ.

ಡಂಪ್ ತೆರೆದೆ, ಎನ್‌ಟಿಓಎಸ್‌ಕರ್ನಲ್ ಕಾರಣ ಅಂತಿದೆ. ವಿಂಡೋಸ್ ಫೈಲೇ ಕೆಟ್ಟಿದೆಯಾ?

ಸಾಮಾನ್ಯವಾಗಿ ಇಲ್ಲ. ಅದು ವಿಂಡೋಸ್‌ನ ಕರ್ನಲ್, ಅಂದರೆ ಅದರ ತಿರುಳು. ತಪ್ಪು ಯಾರದೇ ಇರಲಿ, ಹಿಡಿಯುವುದು ಅದೇ, ಹಾಗಾಗಿ ಅದರ ಹೆಸರು ಮೇಲೆ ಬರುತ್ತದೆ. ವಿನ್‌ಡಿಬಿಜಿ ಅನ್ನುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್‌ನಲ್ಲಿ ಡಂಪ್ ತೆರೆದು ಅನಲೈಸ್ ಕಮಾಂಡ್ ಓಡಿಸಿ, ಸ್ಟ್ಯಾಕ್‌ನಲ್ಲಿ (ಕ್ರ್ಯಾಶ್ ಹೊತ್ತಿಗೆ ಓಡುತ್ತಿದ್ದ ಕೆಲಸಗಳ ಸರಣಿ) ಮೈಕ್ರೋಸಾಫ್ಟ್‌ನದಲ್ಲದ ಡ್ರೈವರ್ ಯಾವುದಿದೆ ಅಂತ ನೋಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಕೆಟ್ಟ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಅವುಗಳಲ್ಲಿ ಬಂದ ಕೋಡ್ ಹೆಕ್ಸ್ 50, ಪೇಜ್ ಫಾಲ್ಟ್, ಅಂದರೆ ಮೆಮೊರಿಯಲ್ಲಿ ಇಲ್ಲದ್ದನ್ನು ಓದಲು ಹೋದದ್ದು. ಬರೀ ಆ ಕೋಡ್ ನೋಡಿದ್ದರೆ ರ‍್ಯಾಮ್ ಕೆಟ್ಟಿದೆ ಅಂತ ಬಿಚ್ಚಲು ಹೊರಡಬಹುದಿತ್ತು. ಡಂಪ್‌ನೊಳಗೆ ಮಾತ್ರ ಸಿಎಸ್‌ಏಜೆಂಟ್ ಅನ್ನುವ ಕ್ರೌಡ್‌ಸ್ಟ್ರೈಕ್ ಡ್ರೈವರ್‌ನ ಹೆಸರು ಎದ್ದು ಕಾಣುತ್ತಿತ್ತು. ಕೋಡ್‌ಗಿಂತ ಡಂಪ್ ಒಂದು ಹೆಜ್ಜೆ ಮುಂದೆ ಅನ್ನುವುದು ಇದಕ್ಕೇ.

ಬಗ್‌ಚೆಕ್‌ಕೋಡ್ ಇದೆ, ಆದ್ರೆ ಮಿನಿಡಂಪ್ ಫೋಲ್ಡರ್ ಖಾಲಿ.

ಸಿಸ್ಟಮ್ ಲಾಗ್‌ನಲ್ಲಿ ವೋಲ್‌ಎಂಜಿಆರ್ ಮೂಲದ 161 ಅಥವಾ 46 ಇದೆಯಾ ನೋಡಿ. 161 ಅಂದರೆ ಡಂಪ್ ಬರೆಯುವಾಗಲೇ ಎಡವಿತು, 46 ಅಂದರೆ ಬರೆಯುವ ತಯಾರಿಯೇ ಆಗಲಿಲ್ಲ. ಪೇಜ್‌ಫೈಲ್ (ರ‍್ಯಾಮ್‌ಗೆ ನೆರವಾಗುವ, ಡಂಪ್ ಬರೆಯಲೂ ಬೇಕಾದ ಡಿಸ್ಕ್ ಫೈಲ್) ಆಫ್ ಮಾಡಿದ್ದರೆ ಅದನ್ನು ಸಿ ಡ್ರೈವ್‌ನಲ್ಲಿ ಸಿಸ್ಟಮ್ ಮ್ಯಾನೇಜ್ಡ್‌ಗೆ ತನ್ನಿ. ಪೇಜ್‌ಫೈಲ್ ಸರಿ ಇದ್ದೂ ಡಂಪ್ ಇಲ್ಲ ಅಂದರೆ, ಕ್ರ್ಯಾಶ್ ಆದ ಕ್ಷಣ ಡಿಸ್ಕೇ ಕಾಣೆಯಾಗಿತ್ತಾ ಅನ್ನುವ ಅನುಮಾನ ಇಟ್ಟುಕೊಳ್ಳಿ. ಹಿಂದಿನ ಸಾಲುಗಳಲ್ಲಿ ಡಿಸ್ಕ್ 7, 51, 153 ಅಥವಾ ಸ್ಟೋರ್‌ಎಎಚ್‌ಸಿಐ 129 ಇದ್ದರೆ ಆ ಅನುಮಾನ ಗಟ್ಟಿಯಾಗುತ್ತದೆ.

ಡಬ್ಲ್ಯುಎಚ್‌ಇಎ-ಲಾಗರ್ 17, 18, 19 ಅಂತೆಲ್ಲಾ ಬರ್ತಿದೆ. ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಡಬ್ಲ್ಯುಎಚ್‌ಇಎ ಅಂದರೆ ಹಾರ್ಡ್‌ವೇರ್ ತಪ್ಪುಗಳನ್ನು ದಾಖಲಿಸುವ ವಿಂಡೋಸ್ ವ್ಯವಸ್ಥೆ. 17 ಮತ್ತು 19 ಹಾರ್ಡ್‌ವೇರ್ ತಾನೇ ಸರಿಪಡಿಸಿಕೊಂಡ ತಪ್ಪುಗಳು. 17 ಸಾಮಾನ್ಯವಾಗಿ ಪಿಸಿಐ ಎಕ್ಸ್‌ಪ್ರೆಸ್ ಕಡೆಯದು, ಕಾರ್ಡ್ ಅಥವಾ ಎಸ್‌ಎಸ್‌ಡಿ ಸರಿಯಾಗಿ ಕೂರದಿದ್ದರೂ ಬರುತ್ತದೆ. ಅಪರೂಪಕ್ಕೊಂದು ಬಂದರೆ ಸರಿ, ಸಾಲುಸಾಲಾಗಿ ಬಂದರೆ ನೋಡಲೇಬೇಕು. 18 ಗಂಭೀರ: ಸರಿಪಡಿಸಲಾಗದ ಹಾರ್ಡ್‌ವೇರ್ ತಪ್ಪು. ಅದರ ಒಳಗಿರುವ ಎಪಿಐಸಿ ಐಡಿ ಪ್ರೊಸೆಸರ್‌ನ ಯಾವ ಕೋರ್ (ಒಳಗಿನ ಘಟಕ) ಅಂತ ಹೇಳುತ್ತದೆ. ಪ್ರತಿ ಸಲ ಅದೇ ಕೋರ್ ಬರುತ್ತಿದ್ದು, ಬಯಾಸ್ ಮೂಲ ಸೆಟ್ಟಿಂಗ್‌ನಲ್ಲಿದ್ದೂ ನಿಲ್ಲದಿದ್ದರೆ ಪ್ರೊಸೆಸರ್ ವಾರಂಟಿ ಕೇಳಲು ಅದು ಒಳ್ಳೆಯ ಸಾಕ್ಷಿ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದರೆ ಬಯಾಸ್ ಅಪ್‌ಡೇಟ್ ಮಾಡದೆ ಮುಂದೆ ಹೋಗಬೇಡಿ. ಅವುಗಳಲ್ಲಿ ಕೆಲವು ಹೆಚ್ಚಿನ ವೋಲ್ಟೇಜ್‌ನಿಂದ ಅಸ್ಥಿರ ಆಗುತ್ತವೆ ಅಂತ 2024ರಲ್ಲಿ ಕಂಪನಿಯೇ ಒಪ್ಪಿ, ಬಯಾಸ್ ಅಪ್‌ಡೇಟ್ ಜೊತೆ ಬರುವ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳ ಸೂಚನೆಗಳು) ತಿದ್ದುಪಡಿ ಕೊಟ್ಟಿತು, ತೊಂದರೆಯ ಮಾದರಿಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಈಗಾಗಲೇ ಹಾಳಾದ ಪ್ರೊಸೆಸರ್‌ಅನ್ನು ಆ ತಿದ್ದುಪಡಿ ಸರಿಮಾಡುವುದಿಲ್ಲ, ಅದನ್ನು ಬದಲಿಸಿಕೊಳ್ಳಬೇಕು.

ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಇದನ್ನೆಲ್ಲಾ ಹೇಗೆ ನೋಡೋದು?

ಲಿನಕ್ಸ್‌ನಲ್ಲಿ ಜರ್ನಲ್‌ಸಿಟಿಎಲ್ ಕಮಾಂಡ್ ಬಳಸಿ ಹಿಂದಿನ ಬೂಟ್‌ನ (ಹಿಂದಿನ ಸಲ ಆನ್ ಆಗಿದ್ದಾಗಿನ) ಲಾಗ್ ತೆರೆಯಿರಿ, ಕೊನೆಯ ಸಾಲುಗಳಿಗೆ ಹೋಗಿ. ಸೇವೆಗಳು ಒಂದೊಂದಾಗಿ ನಿಂತ ಸಾಲುಗಳಿದ್ದರೆ ಕ್ರಮವಾಗಿ ಆಫ್ ಆಗಿದೆ. ಮಾತಿನ ಮಧ್ಯೆ ಕಡಿದ ಹಾಗೆ ಮುಗಿದಿದ್ದರೆ ಕರೆಂಟ್ ಅಥವಾ ಹಾರ್ಡ್‌ವೇರ್. ಹಿಂದಿನ ಬೂಟ್ ಸಿಗುತ್ತಲೇ ಇಲ್ಲ ಅಂದರೆ ಜರ್ನಲ್ ಮೆಮೊರಿಯಲ್ಲಿ ಮಾತ್ರ ಉಳಿಯುತ್ತಿದೆ, ಅದನ್ನು ಡಿಸ್ಕ್‌ನಲ್ಲಿ ಉಳಿಯುವಂತೆ ಮಾಡಿ. ಮ್ಯಾಕ್‌ನ ಲಾಗ್‌ನಲ್ಲಿ "ಪ್ರೀವಿಯಸ್ ಶಟ್‌ಡೌನ್ ಕಾಸ್" ಅಂತ ಹುಡುಕಿ. 5 ಅಂದರೆ ಸರಿಯಾದ ಶಟ್‌ಡೌನ್, 3 ಅಂದರೆ ಬಟನ್ ಹಿಡಿದು ಆಫ್ ಮಾಡಿದ್ದು, 0 ಅಂದರೆ ಕರೆಂಟ್ ಹೋದದ್ದು.

ರಿಪೇರಿಗೆ ಕೊಡೋದೇ ಆಯ್ತು. ಜೊತೆಗೆ ಏನು ಕೊಡಬೇಕು?

ಸಿಸ್ಟಮ್ ಲಾಗ್ ಮೇಲೆ ರೈಟ್ ಕ್ಲಿಕ್ ಮಾಡಿ, ಸೇವ್ ಆಲ್ ಇವೆಂಟ್ಸ್ ಆ್ಯಸ್ ಒತ್ತಿ ಫೈಲ್ ಮಾಡಿಕೊಳ್ಳಿ. ಇದನ್ನು ಬೇಗ ಮಾಡಿ. ಈ ಲಾಗ್‌ಗೆ ಸಾಮಾನ್ಯವಾಗಿ 20 ಎಂಬಿ ಮಿತಿ ಇರುತ್ತದೆ, ತುಂಬಿದ ಮೇಲೆ ಹಳೆಯ ಸಾಲುಗಳು ಅಳಿಯುತ್ತವೆ. ಮಿನಿಡಂಪ್ ಫೋಲ್ಡರ್ ನಕಲು ಮಾಡಿ. ಯಾವ ದಿನ, ಏನು ಮಾಡುತ್ತಿದ್ದಾಗ, ಆಫ್ ಆಗಿ ಹಾಗೇ ಉಳಿಯಿತೋ ಮತ್ತೆ ತಾನೇ ಆನ್ ಆಯಿತೋ, ನೀವು ಏನೇನು ಬದಲಿಸಿ ನೋಡಿದಿರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಿಮ್ಮ ಫೈಲ್‌ಗಳ ಬ್ಯಾಕಪ್ ತೆಗೆದುಕೊಳ್ಳಿ. ವಿಂಡೋಸ್ ಹೊಸದಾಗಿ ಹಾಕೋಣ ಅಂತ ಅವರು ಹೇಳಿದರೆ, ಈ ಲಾಗ್‌ನಲ್ಲಿ ಯಾವ ಸಾಲು ನೋಡಿ ಹಾಗೆ ಹೇಳುತ್ತಿದ್ದೀರಿ ಅಂತ ಕೇಳಿ.